ಸದ್ದು ಮಾಡುವ ಟಯರು

"ಸರ್ದಾರ್‌ಜೀ, ಇವುಗಳಲ್ಲಿ ತುಂಬಾ ಸದ್ದು ಮಾಡೋದು ಯಾವುದು?"

ಧಾರಿಣಿಯ ಪ್ರಶ್ನೆಗೆ ಜನಕಪುರಿಯ ಟಯರ್ ಅಂಗಡಿಯವರು ನಕ್ಕೇಬಿಟ್ಟರು. "ಅರೇ ಬೇಟಿ, ಎಲ್ಲರೂ ಸದ್ದಿಲ್ಲದ್ದು ಕೊಡಿ ಅಂತಾರೆ!"

"ನಮ್ಮದು ಬ್ಯಾಟರಿ ಕಾರು, ಇಂಜಿನ್ ಸದ್ದೇ ಇಲ್ಲ. ಬೆಳಿಗ್ಗೆ ನಮ್ಮ ಗಲ್ಲಿಯಲ್ಲಿ ಕಣ್ಣು ಕಾಣದ ಸಂಗೀತದ ಮೇಷ್ಟ್ರ ಕೋಲಿಗೆ ತಾಗಿಸಿಬಿಟ್ಟೆ. ಪಾಪ, ನಾನು ಹಿಂದೆ ಬಂದದ್ದೇ ಅವರಿಗೆ ಗೊತ್ತಾಗಲಿಲ್ಲ."

ಸರ್ದಾರ್‌ಜಿಯ ನಗು ನಿಂತಿತು. "ಅಚ್ಛಾ! ಚಲೋ, ನೋಡೇಬಿಡೋಣ. ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ನಿಲ್ಲು ಬೇಟಿ." ಅಂಗಡಿಯ ಹಿಂದಿನ ಸಿಮೆಂಟಿನ ಅಂಗಳದಲ್ಲಿ ಒಂದೊಂದೇ ಟಯರನ್ನು ಅವಳತ್ತ ಮೆಲ್ಲಗೆ ಉರುಳಿಸಿದರು. ಮೊದಲನೆಯದು ಬಂದದ್ದು ಸೀರೆಯಂಚಿಗೆ ತಾಗಿದ ಮೇಲೆಯೇ ಅವಳಿಗೆ ತಿಳಿಯಿತು. ಎರಡನೆಯದೂ ಹಾಗೆಯೇ. ದಪ್ಪ ಹಲ್ಲುಗಳ ಮೂರನೆಯದು ಗೊರಗೊರ ಎನ್ನುತ್ತ ಹೊರಟಿತು. ಅದು ಇನ್ನೂ ಎರಡು ಮಾರು ದೂರವಿರುವಾಗಲೇ ಧಾರಿಣಿಯ ಕಾಲುಗಳು ತಾವಾಗಿ ಪಕ್ಕಕ್ಕೆ ಸರಿದವು.