ಇಳಿಯುವುದನ್ನು ಕಲಿತ ತೋಳು

ನಮ್ಮ ಜಿಮ್ ಗ್ರೂಪಿನಲ್ಲಿ ದಿನಾ ಒಂದೇ ಮಾತು... ಯಾರು ಎಷ್ಟು ಪುಲ್-ಅಪ್ ಹೊಡೆದರು?

ನನ್ನದು ಏಳಕ್ಕೇ ನಿಂತು ವರ್ಷವಾಯಿತು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಮುಂದಕ್ಕೆ ಹೋಗುವ ಹುಮ್ಮಸ್ಸೂ ಈಗ ಅಷ್ಟಾಗಿ ಇಲ್ಲ.

ಇವತ್ತು ಒಂದೇ ಒಂದು ಪುಲ್-ಅಪ್‌ನ ಕಥೆ ಹೇಳುತ್ತೇನೆ. ಸುಸ್ತಾದವರು ಮೊದಲು ಓದಿ... ಉಳಿದವರು ಆಮೇಲೆ ಓದಿದರೂ ನಡೆಯುತ್ತದೆ.

ತಿಪಟೂರಿನಲ್ಲಿ ನಮ್ಮ ಪಕ್ಕದ ಮನೆ ಓಂಕಾರಣ್ಣನದು. ಮರ ಹತ್ತಿ ತೆಂಗಿನಕಾಯಿ ಕೀಳುವುದು ಅವನ ಕಸುಬು. ಬೇರೆಯವರು ಸೊಂಟಕ್ಕೆ ಹಗ್ಗ ಬಿಗಿಯುವಷ್ಟರಲ್ಲಿ ಇವನು ಅರ್ಧ ಮರದಲ್ಲಿ ಇರುತ್ತಿದ್ದ.

ಒಂದು ದಿನ ಕಾಯಿ ಕೆಡವಿ, ಕೆಲಸವೆಲ್ಲ ಮುಗಿಸಿ... ಇಳಿಯುವಾಗ ಜಾರಿದ.

ಬೆನ್ನುಮೂಳೆಗೆ ಪೆಟ್ಟು ಬಿತ್ತು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ತಿಂಗಳುಗಟ್ಟಲೆ ಮಲಗಿದಲ್ಲೇ ಮಲಗಿ, ಚೆನ್ನಾಗಿದ್ದ ತೋಳುಗಳೂ ಕಡ್ಡಿಯಾದವು.

ಅವನ ಹೆಂಡತಿ ಸಿದ್ದಗಂಗಮ್ಮ, ನಮಗೆಲ್ಲ ಗಂಗಕ್ಕ. ಮಗಳು ಮದುವೆಯಾಗಿ ಹೋಗಿದ್ದಳು, ಮನೆಯಲ್ಲಿ ಇಬ್ಬರೇ. ಹಗಲು ಕೊಬ್ಬರಿ ಗೋದಾಮಿನಲ್ಲಿ ಕೆಲಸ... ಉಳಿದ ಹೊತ್ತೆಲ್ಲ ಅವನನ್ನು ಎತ್ತುವುದು, ಹೊರಳಿಸುವುದು, ಒರೆಸುವುದು.

ಮನೆಗೆ ಬರುತ್ತಿದ್ದ ಫಿಜಿಯೋ ಹುಡುಗಿ ಒಂದು ಉಪಾಯ ಹೇಳಿದ್ದಳು. ಮಂಚದ ಮೇಲೆ ಹಗ್ಗ ಇಳಿಬಿಟ್ಟು ಅದಕ್ಕೊಂದು ಕೋಲು ಕಟ್ಟಬೇಕು. ಕೋಲು ಹಿಡಿದು ಅವನು ತಾನೇ ಎದ್ದು ಕೂತರೆ ಅರ್ಧ ಗೆದ್ದ ಹಾಗೆ.

ತೊಲೆಯಲ್ಲಿ ಮಗಳ ಜೋಲಿ ಕಟ್ಟಿದ್ದ ಕೊಂಡಿ ಇನ್ನೂ ಇತ್ತು. ಗಂಗಕ್ಕ ಮಂಚವನ್ನು ಅದರ ಕೆಳಕ್ಕೆ ಎಳೆದಳು. ಹಗ್ಗ ಬೇಕಲ್ಲ... ಅಟ್ಟಕ್ಕೆ ಎಸೆದಿದ್ದ, ಅವನದೇ ಮರ ಹತ್ತುವ ಹಗ್ಗ ತಂದು ಕಟ್ಟಿದಳು.

ಓಂಕಾರಣ್ಣ ಅದನ್ನು ನೋಡಿ ಗೋಡೆ ಕಡೆ ಮುಖ ತಿರುಗಿಸಿದ.

ಆದರೂ ದಿನಾ ಕೋಲು ಹಿಡಿದು ಎಳೆಯುತ್ತಿದ್ದ. ಅವನ ಮುಖ ಕೆಂಪಾಗಿ ಕತ್ತಿನ ನರ ಉಬ್ಬಿದರೆ ಸಾಕು, ಗಂಗಕ್ಕ ತಟ್ಟನೆ ಬೆನ್ನಿಗೆ ಕೈ ಕೊಟ್ಟು ಎತ್ತಿ ಕೂರಿಸಿಬಿಡುವಳು.

ನೋಡಲು ಬಂದವರಿಗೆಲ್ಲ, ಇವತ್ತು ಅವರೇ ಎದ್ದು ಕೂತರು ಎಂದು ಹೇಳುವಳು. ಎತ್ತಿದ ಕೈ ಯಾರದೆಂದು ಇಬ್ಬರಿಗೂ ಗೊತ್ತಿತ್ತು.

ಒಂದು ಸಂಜೆ ಗೇಟಿಗೆ ಒರಗಿ ನಿಂತವಳು ನನ್ನ ಹತ್ತಿರ ಅಂದಳು... "ನನ್ ಕೈಲೂ ಆಗ್ತಿಲ್ಲ ಕಣಪ್ಪ. ಅವ್ರ ಮುಂದೆ ಅನ್ಬೇಡ."

ಗಂಗಕ್ಕನೇ ಎತ್ತಿ ಕೂರಿಸುವ ಗುಟ್ಟು ಫಿಜಿಯೋ ಹುಡುಗಿಗೆ ಒಂದು ದಿನ ತಿಳಿಯಿತು. ಅವಳು ಬೈಯಲಿಲ್ಲ.

"ಎತ್ತಿ ಕೂರ್ಸಿ ಅಮ್ಮ, ಪರ್ವಾಗಿಲ್ಲ. ಆದ್ರೆ ಮಲಗೋವಾಗ ಮುಟ್ಬೇಡಿ. ಕೋಲು ಹಿಡ್ಕೊಂಡು ಅವರೇ ನಿಧಾನಕ್ಕೆ ಇಳೀಲಿ. ಶಕ್ತಿ ಅಲ್ಲೇ ಬರೋದು."

ನಿಜ. ಜಿಮ್‌ನಲ್ಲೂ ಮೇಲೇರಲಾಗದವರಿಗೆ ಮೊದಲು ಕಲಿಸುವುದು ಇದನ್ನೇ... ಸ್ಟೂಲ್ ಹತ್ತಿ ಕಂಬಿ ಹಿಡಿದು, ಮೆಲ್ಲಗೆ ಇಳಿಯುವುದು.

ಓಂಕಾರಣ್ಣ ನಕ್ಕ. ಕೇಳುವುದಕ್ಕೆ ಕಷ್ಟವಾಗುವಂಥ ನಗು.

"ಇಳಿಯೋವಾಗ್ಲೇ ಬಿದ್ದೋನು ನಾನು. ಈಗ ಇಳಿಯೋದ್ನ ಕಲೀಬೇಕಾ?"

ಕಲಿತ. ಮೊದಮೊದಲು ದೊಪ್ಪನೆ ದಿಂಬಿಗೆ ಬೀಳುತ್ತಿದ್ದ. ಗಂಗಕ್ಕ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು, ಮುಟ್ಟದೆ, ಪಕ್ಕದಲ್ಲಿ ಕೂತು "ಓಂ ನಮಃ ಶಿವಾಯ" ಎನ್ನುತ್ತಿದ್ದಳು. ಅದೇ ಅವರ ಗಡಿಯಾರ. ಒಂದು ಸಲ ಹೇಳಿ ಮುಗಿಸುವ ಮೊದಲೇ ಬೀಳುತ್ತಿದ್ದವನು, ಬರುಬರುತ್ತಾ ಅವಳು ಐದಾರು ಸಲ ಹೇಳುವವರೆಗೆ ತಡೆದು ಇಳಿಯತೊಡಗಿದ.

ಆದರೆ ಏಳುವುದು ಮಾತ್ರ ಆಗಲಿಲ್ಲ. ತಿಂಗಳುಗಳು ಕಳೆದವು... ಆಗಲೇ ಇಲ್ಲ.

ಕೊನೆಗೊಂದು ದಿನ, ಹಗ್ಗ ಬಿಚ್ಚಿಬಿಡು, ಸಾಕು ಎಂದ. ನಾಳೆ ಬಿಚ್ಚುತ್ತೇನೆ ಎಂದಳು. ಅವಳಿಗೆ ವಾದ ಮಾಡುವ ತ್ರಾಣವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುತ್ತಿದ್ದೆ. ಪಕ್ಕದ ಮನೆಯಿಂದ ತಟ್ಟೆ ಬಡಿಯುವ ಸದ್ದು... ನಿಲ್ಲಿಸದೆ ಬಡಿಯುತ್ತಿದ್ದರು.

ಓಡಿದೆ.

ಅಡುಗೆಮನೆ ಬಾಗಿಲಲ್ಲಿ ಗಂಗಕ್ಕ ಬಿದ್ದಿದ್ದಳು. ಜ್ವರ ಮುಚ್ಚಿಟ್ಟುಕೊಂಡು ಒಲೆ ಮುಂದೆ ನಿಂತವಳಿಗೆ ತಲೆ ಸುತ್ತಿ ಬಂದಿತ್ತು. ಅವಳ ತಲೆ ಓಂಕಾರಣ್ಣನ ತೊಡೆಯ ಮೇಲಿತ್ತು. ಬಡಿದ ತಟ್ಟೆ ಪಕ್ಕಕ್ಕಿಟ್ಟು, ಅವನು ಗೋಡೆಗೆ ಒರಗಿ ಕೂತು ಅವಳ ಮುಖಕ್ಕೆ ನೀರು ಚಿಮುಕಿಸುತ್ತಿದ್ದ.

ಮಂಚ ಆಚೆ ಕೋಣೆಯಲ್ಲಿ. ಕೋಲು ಓರೆಯಾಗಿ ನೇತಾಡುತ್ತಿತ್ತು. ಅವನು ತಾನೇ ಎದ್ದು ಕೂತು, ಮಂಚದ ಅಂಚು ಹಿಡಿದು ಮೆಲ್ಲಗೆ ನೆಲಕ್ಕೆ ಇಳಿದು, ಮೊಣಕೈಯಲ್ಲಿ ತೆವಳಿಕೊಂಡು ಬಂದಿದ್ದ. ಎರಡೂ ಮೊಣಕೈ ತರಚಿ ರಕ್ತವಾಗಿತ್ತು.

ಗಂಗಕ್ಕ ಕಣ್ಣು ಬಿಟ್ಟಳು. ತುಂಬಾ ಹೊತ್ತು ಅವನನ್ನೇ ನೋಡಿದಳು.

"ಯಾರ್ರೀ ನಿಮ್ಮನ್ನ ಎತ್ತಿ ಕೂರ್ಸಿದ್ದು?"

"ಯಾರೂ ಇಲ್ಲ ಕಣೆ... ಎತ್ತೋಳು ಇಲ್ಲಿ ಬಿದ್ದಿದ್ಲಲ್ಲ."

ಗಂಗಕ್ಕ ಅತ್ತಳು. ಅದು ಬರೀ ಸಂತೋಷದ ಅಳುವಲ್ಲ... ಅಷ್ಟು ದಿನದ ಸುಸ್ತೆಲ್ಲ ಆವತ್ತು ಹೊರಗೆ ಬಂತು. ನಾನೂ ಬಾಗಿಲಲ್ಲಿ ನಿಂತು ಅತ್ತೆ.

ಇದಾದ ಮೇಲೆ ಪವಾಡವೇನೂ ನಡೆಯಲಿಲ್ಲ. ಮರುದಿನ ಅವನಿಗೆ ತೋಳು ಎತ್ತಲೂ ಆಗಲಿಲ್ಲ. ವಾರ ಕಳೆದ ಮೇಲೆ ಇನ್ನೊಮ್ಮೆ ಎದ್ದ. ಈಗ ದಿನಾ ಏಳುತ್ತಾನೆ. ಕಾಲು ಹೇಗಿತ್ತೋ ಹಾಗೇ ಇದೆ.

ಆದರೆ ಗಂಗಕ್ಕ ಬಿದ್ದ ದಿನ ಸಂಜೆ ಗಂಜಿ ಕೊಡಲು ಹೋದಾಗ ನಾನು ಕಂಡದ್ದನ್ನು ಮರೆಯಲಾರೆ... ಅವಳು ಮಂಚದ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದಳು. ಅವನು ಪಕ್ಕದಲ್ಲಿ ಕೂತು, ಅವಳ ನಿದ್ದೆ ಕಾಯುತ್ತಿದ್ದ.

*ಏರಲಾಗದ ದಿನ ಕೈಬಿಡಬೇಡಿ, ಮೆಲ್ಲಗೆ ಇಳಿಯಿರಿ... ಆ ಇಳಿತದಲ್ಲೇ ತೋಳು ಏರುವುದನ್ನು ಕಲಿಯುತ್ತಿರುತ್ತದೆ.*

ನಿಮ್ಮ ಬೆನ್ನಿಗೂ ಯಾರೋ ಒಬ್ಬರು ದಿನಾ ಕೈ ಕೊಡುತ್ತಿರಬಹುದು... ಆ ಕೈಗೆ ಸುಸ್ತಾಗಿದೆಯೇ ಎಂದು ಒಮ್ಮೆಯಾದರೂ ಕೇಳಿದ್ದೀರಾ?