ಅಲ್ಲಾಡುವ ಗೋಡೆ

“ಸಾರ್, ಈ ಗೋಡೆ ಕ್ಯಾಮೆರಾದಲ್ಲಿ ನಿಲ್ತಾ ಇಲ್ಲ,” ಎಂದ ಫೋಟೋದವನು, ಇನ್ನೊಮ್ಮೆ ಜಾಗ ಬದಲಿಸಿ.

ಗೋಡೆ ನಿಲ್ಲುವುದಿಲ್ಲವೆಂದರೇನು? ಆರ್ಕಿಟೆಕ್ಟ್‌ಗೆ ನಗು ಬಂತು. ತನ್ನ ಸ್ವಂತ ಮನೆಗೆಂದು, ತಾನೇ ಎದುರು ನಿಂತು ಮಾಡಿಸಿದ ಗೋಡೆ ಅದು. ಬಿಳಿ ಬಣ್ಣದ ಮೇಲೆ ನೆಲದಿಂದ ಸೂರಿನವರೆಗೆ ಬೆರಳಗಲದ ಕಪ್ಪು ಮರದ ಪಟ್ಟಿ, ಬೆರಳಗಲದ ಸಂದು, ಮತ್ತೆ ಪಟ್ಟಿ. ಹೀಗೆ ಹಾಲ್‌ನ ಈ ತುದಿಯಿಂದ ಆ ತುದಿಯವರೆಗೆ, ಮೆಟ್ಟಿಲ ಪಕ್ಕಕ್ಕೂ. ಬಂದವರೆಲ್ಲ ಬಾಯಿ ತುಂಬ ಹೊಗಳಿದ್ದರು. ಈಗ ಪತ್ರಿಕೆಯೊಂದು ಮುಖಪುಟಕ್ಕೆ ಅದರ ಚಿತ್ರ ಬೇಕೆಂದಿತ್ತು.

ಹೊಗಳದವಳು ಒಬ್ಬಳೇ, ಅವನ ಹೆಂಡತಿ. ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಕೆಲಸ ಅವಳದು. ಈ ಮನೆಗೆ ಬಂದ ಮೇಲೆ ಒಂದು ಪುಟ ನೆಟ್ಟಗೆ ಓದಿ ಮುಗಿಸಿದರೆ ಅದೇ ದೊಡ್ಡದು. ಹೊತ್ತೇರಿದಂತೆ ತಲೆ ಸಿಡಿಯುವುದು, ಹೊಟ್ಟೆ ತೊಳಸುವುದು. “ಗೋಡೆ ಅಲ್ಲಾಡುತ್ತೆ ರೀ. ಇಳಿಯೋವಾಗ ಮೆಟ್ಟಿಲೂ ಅಲ್ಲಾಡುತ್ತೆ,” ಎಂದಿದ್ದಳು. ಬೆಳಗಾದರೆ ಆಫೀಸಿಗೆ ಹೊರಟು, ದೀಪ ಹಚ್ಚಿದ ಮೇಲೆ ಮನೆ ಸೇರುವವನಿಗೆ ಗೋಡೆ ಎಂದೂ ಅಲ್ಲಾಡಿರಲಿಲ್ಲ. ಪರದೆಯಾದರೂ ಹಾಕಿಸಿ ಎಂದು ಅಂಗಲಾಚಿದಾಗ, “ಚಿನ್ನದ ಒಡವೆ ಮಾಡಿಸಿ ಅದಕ್ಕೆ ಬಟ್ಟೆ ಸುತ್ತಿಡ್ತಾರೇನೇ?” ಎಂದು ಮಾತು ತೇಲಿಸಿದ್ದ.

ತಲೆಯ ಸ್ಕ್ಯಾನ್ ಆಯಿತು, ಏನೂ ಸಿಗಲಿಲ್ಲ. ತವರಿಗೆ ಹೋದರೆ ಮಾತ್ರ ಮರುದಿನವೇ ಲವಲವಿಕೆಯಿಂದ ಓಡಾಡುತ್ತಿದ್ದಳು. ಅದೇ ಅವಳಿಗೆ ಮುಳುವಾಯಿತು. “ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲಂತೆ. ನಮ್ಮ ಸೊಸೆಗೆ ಗೋಡೇಲಿ ಕಾಯಿಲೆ,” ಎಂದರು ಅತ್ತೆ. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಅಷ್ಟು ಪಟ್ಟಿಗಳೂ ಕಲಸಿಹೋಗಿ ಆ ಗೋಡೆ ಅವರಿಗೆ ಬರೀ ಬೂದು ಬಣ್ಣವಾಗಿ ಕಾಣುತ್ತಿತ್ತು.

ಈ ಸಂಜೆ ಮನೋವೈದ್ಯರಲ್ಲಿಗೆ ಹೋಗುವುದೆಂದು ಗಂಡ ತೀರ್ಮಾನಿಸಿದ್ದ. ಅವಳು ಎದುರಾಡಿರಲಿಲ್ಲ. ಎಲ್ಲರಿಗೂ ನೆಟ್ಟಗೆ ನಿಂತಿರುವ ಗೋಡೆ ತನಗೊಬ್ಬಳಿಗೇ ಅಲ್ಲಾಡಿದರೆ ಕೆಟ್ಟಿರುವುದು ತನ್ನ ತಲೆಯೇ ಎಂದು ಅವಳೂ ನಂಬತೊಡಗಿದ್ದಳು. ತಲೆನೋವಿಗಿಂತ ಆ ನಂಬಿಕೆಗೇ ಅವಳು ಹೆಚ್ಚು ಹೆದರಿದ್ದಳು. ಫೋಟೋ ಮುಗಿಯುವವರೆಗೆ ಆಚೀಚೆ ಸುಳಿಯಬೇಡ ಎಂದು ಅವನು ಹೇಳಿದ್ದರಿಂದ, ಈಗ ಸ್ಟೋರ್ ರೂಮಿನ ಹಳೆಯ ಪೆಟ್ಟಿಗೆಯ ಮೇಲೆ ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದಳು. ನಡುವೆ ಗೋಡೆಗಳೇ ಇಲ್ಲದ ತೆರೆದ ಮನೆ. ಎಲ್ಲಿ ಕೂತರೂ ಪಟ್ಟಿಗಳು ಎದುರಿಗೆ. ಅವು ಕಾಣದಂತೆ ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಎಂದರೆ ಈ ಸ್ಟೋರ್ ರೂಮು ಮತ್ತು ಬಚ್ಚಲು.

“ನೀವೇ ನೋಡಿ ಸಾರ್.” ಫೋಟೋದವನು ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಜೋಡಿಸಿದ. ಪಟ್ಟಿಗಳಿರಬೇಕಾದ ಕಡೆ ದಪ್ಪ ದಪ್ಪ ಅಲೆಗಳು ಎದ್ದಿದ್ದವು. ಕ್ಯಾಮೆರಾ ಕೂದಲೆಳೆಯಷ್ಟು ಸರಿದರೂ ಸಾಕು, ಇಡೀ ಗೋಡೆ ಕುದಿಯುವ ಹಾಲಿನಂತೆ ಉಕ್ಕಿ ಹೊರಳುತ್ತಿತ್ತು.

“ಕ್ಯಾಮೆರಾ ಕೆಟ್ಟಿದೆ ಕಣಯ್ಯಾ.”

“ಬೇರೇದ್ರಲ್ಲೂ ನೋಡಿದೆ ಸಾರ್, ಇದೇ ಕತೆ. ಗೆರೆಗಳು ಹೀಗೆ ಒತ್ತೊತ್ತಾಗಿ ಒಂದೇ ಥರ ಇದ್ರೆ ಕ್ಯಾಮೆರಾ ತಡ್ಕೊಳಲ್ಲ.”

“ಏನಪ್ಪಾ ಅದು?” ಅತ್ತೆ ಕುರ್ಚಿಯಿಂದ ಎದ್ದು ಬಂದು ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಾಗಿದರು. ಸಣ್ಣ ಗೆರೆ ಕಾಣದ ಕಣ್ಣಿಗೂ ಆ ದೊಡ್ಡ ಅಲೆಗಳು ಕಂಡವು. “ಅಯ್ಯೋ, ಹೊಟ್ಟೆ ತೊಳಸುತ್ತಲ್ಲೋ!” ಎಂದು ಕಣ್ಣು ಮುಚ್ಚಿಕೊಂಡವರು ಹಾಗೆಯೇ ನಿಂತುಬಿಟ್ಟರು. ಇದೇ ಮಾತನ್ನು ಇದೇ ಮನೆಯಲ್ಲಿ ಇನ್ನೊಬ್ಬಳ ಬಾಯಲ್ಲಿ ಕೇಳಿ ಕೇಳಿ ಮೂಗು ಮುರಿದಿದ್ದರು. ತಡವರಿಸುತ್ತ ಸ್ಟೋರ್ ರೂಮಿಗೆ ಹೋಗಿ ಸೊಸೆಯ ಕೈಹಿಡಿದು ಕರೆತಂದರು.

“ನೋಡಮ್ಮಾ. ನೀನು ಹೇಳ್ತಿದ್ದದ್ದು ಇದೇನಾ?”

ಅವಳು ನೋಡಿದಳು. ಒದ್ದೆ ಬಟ್ಟೆ ಕೈಯಿಂದ ಜಾರಿತು.

“ಇದೇ ಅತ್ತೆ. ಥೇಟ್ ಇದೇ. ಹಾಗಾದ್ರೆ... ಹಾಗಾದ್ರೆ ನನಗೆ ಹುಚ್ಚು ಹಿಡಿದಿಲ್ಲ.” ಪರಿಚಯವಿಲ್ಲದವನೊಬ್ಬ ಎದುರಿಗಿದ್ದಾನೆಂಬ ಪರಿವೆಯೂ ಇಲ್ಲದೆ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಅವಳ ಬೆನ್ನು ಸವರಿದರು.

ಆರ್ಕಿಟೆಕ್ಟ್‌ಗೆ ಅದು ಕೇಳಿಸಿತೋ ಇಲ್ಲವೋ. ಬಿಸಿಲು ಇಳಿಯುತ್ತಿತ್ತು, ಮುಖಪುಟ ಕೈತಪ್ಪುವುದರಲ್ಲಿತ್ತು. “ಒಂದು ಬಿಟ್ಟು ಒಂದು ಪಟ್ಟಿ ತೆಗೆದ್ರೆ ಆಗುತ್ತೇನಯ್ಯಾ?” ಎಂದು ಫೋಟೋದವನನ್ನು ಕೇಳಿದ.

“ಆಗಬಹುದು ಸಾರ್. ಆದ್ರೆ ಇಷ್ಟು ಚೆನ್ನಾಗಿ ಮಾಡ್ಸಿರೋದನ್ನ...”

“ಇರಲಿ ಬಿಡು. ಕ್ಯಾಮೆರಾಗೆ ಆಗಲ್ಲ ಅಂದ ಮೇಲೆ ಏನು ಮಾಡೋಕಾಗುತ್ತೆ?”

ತಾನೇ ಏಣಿ ತಂದು ಹತ್ತಿದ. ಒಂದು ಪರದೆ ಕಟ್ಟುವುದಕ್ಕೂ ಒಪ್ಪದಿದ್ದವನು ಸರಸರನೆ ಸ್ಕ್ರೂ ಬಿಚ್ಚತೊಡಗಿದ. ಕಪ್ಪು ಪಟ್ಟಿಗಳು ಒಂದೊಂದಾಗಿ ಕೆಳಗಿಳಿದು ಸೋಫಾದ ಪಕ್ಕದಲ್ಲಿ ರಾಶಿಯಾದವು. ಹಿಂದಿನ ಬಿಳಿ ಗೋಡೆ ಅಗಲಗಲವಾಗಿ ಕಾಣಿಸಿತು. ಅವಳ ಅಳು ನಿಂತಿತ್ತು.

“ಈಗ ಹೇಗಿದೆ?” ಏಣಿಯ ಮೇಲಿಂದಲೇ ಫೋಟೋದವನ ಕಡೆ ತಿರುಗಿ ಕೇಳಿದ.

ಫೋಟೋದವನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವನ ತೋಳು ಹಿಡಿದರು. “ನೀನು ಸುಮ್ನಿರಪ್ಪಾ. ಅವಳು ಹೇಳ್ಲಿ.”

ಅವಳು ಕಣ್ಣೊರೆಸಿಕೊಂಡು ಗಂಡನ ಮುಖ ನೋಡಿದಳು.

“ಉಳಿದದ್ದನ್ನೂ ತೆಗೀರಿ,” ಎಂದಳು.