ಹರಿದಲ್ಲೊಂದು ಹೂ

ಪುಕ್ಕಟೆ ಹಾಸ್ಟೆಲ್ಲಿನಲ್ಲಿ ಉಳಿದಿದ್ದದ್ದು ಒಂದೇ ಸೀಟು. ಬಾಗಿಲ ಮುಂದೆ ತಂತಮ್ಮ ಮಗಳನ್ನು ಕೂರಿಸಿಕೊಂಡು ಕಾಯುತ್ತಿದ್ದವರು ಇಬ್ಬರು ತಾಯಂದಿರು.

"ಇದೇನ ಅಂಗಿನೋ ಜರಡಿನೋ, ತಂಗಿ? ಒಳಗ ದೊಡ್ಡ ಮಂದಿ ಕುಂತಾರ. ಕೊಡಿಲ್ಲೆ," ಎಂದು ನೀಲವ್ವ ಚೀಲದಿಂದ ಸೂಜಿದಾರ ತೆಗೆದಳು.

ಫಕೀರವ್ವನ ಮುಖ ಸಣ್ಣದಾಯಿತು. ಆದರೆ ನೋಡನೋಡುತ್ತಿದ್ದಂತೆ ಅವಳ ಮಗಳ ಅಂಗಿಯ ಹರುಕಿನ ಮೇಲೆ ಕೆಂಪು ಕಸೂತಿ ಹೂ ಅರಳಿತು. ಬಾಯಿ ಬಿಟ್ಟಿದ್ದ ಬೂಟಿನ ಮೇಲೂ ಬಣ್ಣದ ಚಿಂದಿಯ ಗೊಂಡೆ ಕುಳಿತಿತು.

"ನಿನ್ನ ಕೈಗೆ ಬಂಗಾರದ ಬಳಿ ಬರಲಿ, ಅಕ್ಕಾ," ಎಂದು ಕಣ್ಣೊರೆಸಿಕೊಂಡ ಫಕೀರವ್ವ ಮಗಳೊಂದಿಗೆ ಒಳಗೆ ಹೋದಳು.

ಹಾಸ್ಟೆಲ್ಲಿನ ಮೇಡಂ ಹುಡುಗಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಇಷ್ಟು ಶೋಕಿ ಮಾಡೋರಿಗೆ ಪುಕ್ಕಟೆ ಅನ್ನ ಯಾಕಮ್ಮಾ? ಇದು ಗತಿ ಇಲ್ಲದವರ ಮಕ್ಕಳಿಗೆ. ಹೊರಗಿರೋ ಆ ಇನ್ನೊಬ್ಬಾಕೇನ ಕಳಿಸು."

"ಮೇಡಂ, ಇದು ಈಗ ಹೊರಗ..."

"ಕಳಿಸು ಅಂದೆ."

ಫಕೀರವ್ವ ತಲೆ ತಗ್ಗಿಸಿ ಹೊರಗೆ ಬಂದಳು. ಅಲ್ಲಿ ನೀಲವ್ವ, "ಇಲ್ಲಿ ಅಳಬ್ಯಾಡ, ಒಳಗ ಹೋಗಿ ಅಳುವಂತಿ," ಎಂದು ತನ್ನ ಮಗಳನ್ನು ಗದರಿಸುತ್ತಾ, ನೆಟ್ಟಗಿದ್ದ ಅವಳ ಅಂಗಿಯ ತೋಳನ್ನು ಪರ್ರೆಂದು ಹರಿಯುತ್ತಿದ್ದಳು.